ಮರದ ದೋಣಿಯ ಆಯುಷ್ಯ

ಮೈಸೂರಿನ ಚಾಮರಾಜಪುರಂನ ಬೀದಿಗಳಲ್ಲಿ ವಾಸಿಸುವ ನಮಗೆ ಕಡಲು ಈಗ ದೂರದ ಮಾತಾದರೂ, 1763ರಲ್ಲಿ, ಮಂಗಳೂರನ್ನೂ ಆಳುತ್ತಿದ್ದ ಬಿದನೂರು ಹೈದರಾಲಿಯ ವಶವಾದಂದಿನಿಂದ 1799ರವರೆಗೆ ಬಹುಪಾಲು ಕಾಲ ಮಂಗಳೂರಿನ ಹಡಗುಗಳ ಚಿಂತೆ ಮೈಸೂರು ಸಂಸ್ಥಾನದ್ದೇ ಆಗಿತ್ತು. ನೌಕೆಯನ್ನು ಕಟ್ಟುವುದಕ್ಕಿಂತ ಉಳಿಸಿಕೊಳ್ಳುವುದೇ ಕಠಿನತರವೆಂದು ನನ್ನ ಮತ. ಏಕೆಂದರೆ ಚಿಪ್ಪುಜೀವಿಗಳ ಕುಲಕ್ಕೆ ಸೇರಿದ ಮರ ಕೊರೆಯುವ ಹುಳುವು ನಮ್ಮ ಕರಾವಳಿಯ ಬೆಚ್ಚನೆಯ ಉಪ್ಪುನೀರಿನಲ್ಲಿ ಸೂಜಿಮೊನೆಯಷ್ಟು ರಂಧ್ರದಿಂದ ಹಲಗೆಯನ್ನು ಹೊಕ್ಕು, ಹೊರಮೈ ನಯವಾಗಿರುವಾಗಲೇ ಒಳಗನ್ನೆಲ್ಲ ಟೊಳ್ಳುಮಾಡಿಬಿಡುತ್ತದೆ. ಆದುದರಿಂದ ಕರಾವಳಿಯ ಮೀನುಗಾರರಾದ ಮೊಗವೀರ ಹಿರಿಯರು ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆಳೆದು, ತೆಂಗಿನ ಗರಿಯ ಮಾಡಿನಡಿಯಲ್ಲಿರಿಸಿ, ಮೀನೆಣ್ಣೆಯನ್ನೂ, ಕೈಗೆ ತಾಗಿದರೆ ಚರ್ಮ ಸುಡುವ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಬಳಿಯುತ್ತಿದ್ದರು. ಫೈಬರ್ ದೋಣಿಗಳು ಬಂದ ಮೇಲೆ ಈ ವಿದ್ಯೆ ಕ್ಷೀಣಿಸುತ್ತಿದೆ. ಕರಾವಳಿಯಲ್ಲಿ ಬಂಧುಗಳುಳ್ಳ ವಾಚಕರು ಅದನ್ನು ಹಿರಿಯರಿಂದ ಕೇಳಿ ಬರೆದಿಡಬೇಕೆಂದು ಪ್ರಾರ್ಥಿಸುತ್ತೇನೆ.