ಕೊಡದ ಬೆಲೆ, ನೀರಿನ ಬೆಲೆ

ಮನುವಿನ ತಕ್ಕಡಿ ನಮಗೆ ಗೊತ್ತು. ಶೂದ್ರ ಬ್ರಾಹ್ಮಣನನ್ನು ಬೈದರೆ ದೇಹದಂಡನೆ. ಬ್ರಾಹ್ಮಣ ಶೂದ್ರನನ್ನು ಬೈದರೆ 12 ಪಣ. 1860ರ ದಂಡ ಸಂಹಿತೆ ಈ ತಕ್ಕಡಿಯನ್ನು ಕಾಗದದ ಮೇಲೆ ಮುರಿಯಿತು. ಯಾವ ಜಾತಿಯವ ಕದ್ದರೂ ಮೂರು ವರ್ಷದ ತನಕ ಜೈಲು, ಮನೆಯೊಳಗೆ ಕದ್ದರೆ ಏಳರ ತನಕ. ಆದರೆ ನಮ್ಮನ್ನು ಬಾವಿಗೆ ಬಿಡದವನಿಗೆ ಆ ಪುಸ್ತಕದಾಗ ಶಿಕ್ಷೆಯೇ ಇರಲಿಲ್ಲ. ಅದು ಅಪರಾಧವೇ ಅಲ್ಲ!

ನಿಜಾಮನ ಸೀಮೆಯಾಗಿದ್ದ ನಮ್ಮ ಯಡ್ರಾಮಿಗೆ ಆ ಸಂಹಿತೆ ಬಂದದ್ದು 1951ರಲ್ಲಿ. ಅಷ್ಟೊತ್ತಿಗೆ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತ್ತು. 1955ರ ಕಾಯಿದೆ ಅದಕ್ಕೊಂದು ಬೆಲೆ ಕಟ್ಟಿತು: ಆರು ತಿಂಗಳ ತನಕ ಜೈಲು, ಇಲ್ಲಾಂದ್ರ 500 ರೂಪಾಯಿ ತನಕ ದಂಡ, ಇಲ್ಲಾ ಎರಡೂ. ಕೆಳಗಿನ ಮಿತಿ ಇಲ್ಲ. ಹತ್ತು ರೂಪಾಯಿ ಕಟ್ಟಿ ಗೌಡ ಮನೆಗೆ ಹೋಗಬಹುದಿತ್ತು. ಕೊಡ ಕದ್ದವನಿಗೆ ಮೂರು ವರ್ಷ, ನೀರು ಕೊಡದವನಿಗೆ ಆರು ತಿಂಗಳು!

1976ರ ತಿದ್ದುಪಡಿ ಕನಿಷ್ಠ ಒಂದು ತಿಂಗಳು ಜೈಲು, ಜೊತೆಗೆ 100 ರೂಪಾಯಿ ದಂಡ ಎಂದಿತು. 1989ರ ದೌರ್ಜನ್ಯ ತಡೆ ಕಾಯಿದೆ ತಾನು ಪಟ್ಟಿ ಮಾಡಿದ ದೌರ್ಜನ್ಯಗಳಿಗೆ ಆರು ತಿಂಗಳಿಂದ ಐದು ವರ್ಷ ಇಟ್ಟಿತು.

ಅಳತೆ ಏರಿದರೆ ಸಾಕೇನು? 2000ದಲ್ಲಿ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಬಿಡುಗಡೆಯಾದರು. 2014ರಲ್ಲಿ ಮರಕುಂಬಿಯ ದಲಿತರ ಗುಡಿಸಲು ಸುಟ್ಟದ್ದಕ್ಕೆ 2024ರಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ವಿಧಿಸಿತು. ಮುಂದಿನ ತಿಂಗಳೇ ಹೈಕೋರ್ಟು ಬಹುತೇಕರಿಗೆ ಜಾಮೀನು ಕೊಟ್ಟಿತು.

ಮೇಷ್ಟ್ರೇ, ಗೆಳೆಯರೇ, ಈ ಅಂಕಿಗಳು ನಮ್ಮ ಕೇರಿಯ ಮಕ್ಕಳಿಗೆ ಬಾಯಿಪಾಠ ಆಗಲಿ. ಸಾಕ್ಷಿ ಹೇಳುವವನ ಬೆನ್ನಿಗೆ ನಾವು ನಿಲ್ಲದಿದ್ದರೆ ಜೀವಾವಧಿ ಅನ್ನೋದೂ ಬರೀ ಅಕ್ಷರ.