ಬೆಂಕಿ ಹೊರಗಿರಲಿ: ಹೂವಿನ ಹಸಿರುಮನೆ ಬೆಚ್ಚಗಿಡುವ ವಿದ್ಯೆ ನಡೆದುಬಂದ ದಾರಿ

ಬೀದರ್ ಎಂದರೆ ನಮ್ಮ ತೋಟಗಾರಿಕೆ ಪುಸ್ತಕಗಳಿಗೆ ನೆನಪಾಗುವುದು ಬಿಸಿಲು. ಪಾಲಿಹೌಸ್ ಅಧ್ಯಾಯ ತೆರೆದರೆ ಫಾಗರ್, ಶೇಡ್‌ನೆಟ್, ಫ್ಯಾನ್–ಪ್ಯಾಡ್. ಎಲ್ಲವೂ ತಂಪು ಮಾಡುವ ಉಪಾಯಗಳೇ. ಬಿಸಿಲು ಸುಳ್ಳಲ್ಲ. 1931ರ ಮೇ ತಿಂಗಳಲ್ಲಿ ಬೀದರಿನಲ್ಲಿ 47 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಆದರೆ ಅದೇ ದಾಖಲೆಗಳಲ್ಲಿ 1901ರ ಜನವರಿಯ 2.9 ಡಿಗ್ರಿಯೂ ಇದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಭಾಲ್ಕಿಯ ಖಟಕ ಚಿಂಚೋಳಿ ಕಡೆಯಾಗಲಿ, ಔರಾದಿನ ಬಯಲಾಗಲಿ, ಡಿಸೆಂಬರ್–ಜನವರಿಯಲ್ಲಿ ಥಂಡಿ ಬಿದ್ದಾಗ ಮೋಡವಿಲ್ಲದ ರಾತ್ರಿ ಪಾರಾ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ಇಲ್ಲಿಯವರಿಗೆ ಹೊಸದಲ್ಲ. ಜರ್ಬೇರಾ, ಕಾರ್ನೇಷನ್, ಗುಲಾಬಿ ಹಾಕಿದವರಿಗೆ ಆ ರಾತ್ರಿಗಳು ಬರುವುದು ಹೈದರಾಬಾದಿನ ಗುಡಿಮಲ್ಕಾಪುರ ಪೇಟೆಯಲ್ಲಿ ಸಂಕ್ರಾಂತಿಗೆ ಹೂ ಬೇಕಾದ ಹೊತ್ತಿನಲ್ಲೇ.

ಇದಕ್ಕೆ ಈಚೆಗೆ ಒಂದು ಸುಲಭ ಪರಿಹಾರ ಹಬ್ಬುತ್ತಿದೆ. ಕೋಳಿ ಶೆಡ್ಡಿನ ಗ್ಯಾಸ್ ಬ್ರೂಡರ್ ತಂದು ತೂಗುಹಾಕಿ. ಅದಿಲ್ಲದಿದ್ದರೆ ಕೆಂಡದ ಶೆಗಡಿ ಇಡಿ. ಹಾಲೆಂಡಿನವರೂ ಒಳಗೇ ಗ್ಯಾಸ್ ಉರಿಸುತ್ತಾರಲ್ಲ ಎಂಬುದು ಇದರ ಸಮರ್ಥನೆ. ಈ ವಿದ್ಯೆ ನಡೆದುಬಂದ ದಾರಿಯನ್ನು ಒಮ್ಮೆ ನೋಡಿದರೆ ಆ ಮಾತು ಎಷ್ಟು ಅರೆಬೆಂದದ್ದು ಎಂದು ತಿಳಿಯುತ್ತದೆ.

ಹಳೆಯ ಕಾಲವನ್ನು ಬೇಗ ದಾಟಬಹುದು. ಹದಿನೇಳನೇ ಶತಮಾನದ ಯುರೋಪಿನಲ್ಲಿ ಗಿಡದ ಮನೆಯೊಳಗೆ ಕೆಂಡದ ಬಾಣಲೆ ಇಡುವುದೇ ರೂಢಿಯಾಗಿತ್ತು. ಆ ಹೊಗೆಯಿಂದ ಗಿಡ ಕೆಡುವುದನ್ನು ಕಂಡ ಇಂಗ್ಲೆಂಡಿನ ಜಾನ್ ಎವೆಲಿನ್, ಒಲೆಯನ್ನು ಗೋಡೆಯ ಆಚೆಗಿಟ್ಟು, ಹೊರಗಿನ ತಾಜಾ ಗಾಳಿಯನ್ನು ಕೊಳವೆಯಲ್ಲಿ ಕಾಯಿಸಿ ಒಳಗೆ ಬಿಡುವ ನಕ್ಷೆಯನ್ನು 1691ರಲ್ಲೇ ಪ್ರಕಟಿಸಿದ. ನಾವಿಂದು ಹೊಸದಾಗಿ ಕಲಿಯಬೇಕೆನ್ನುವ ಪಾಠದ ಮುಕ್ಕಾಲು ಪಾಲು ಅಲ್ಲೇ ಇದೆ. 1840ರ ಹೊತ್ತಿಗೆ ಜೋಸೆಫ್ ಪ್ಯಾಕ್ಸ್‌ಟನ್ ಚಾಟ್ಸ್‌ವರ್ತ್‌ನ ಬೃಹತ್ ಗಾಜಿನಮನೆಯನ್ನು ಬಿಸಿನೀರಿನ ಕೊಳವೆಗಳಿಂದ ಬೆಚ್ಚಗಿಟ್ಟ. ಎಂಟು ಬಾಯ್ಲರುಗಳು, ಏಳು ಮೈಲಿ ಕೊಳವೆ. ಬೆಂಕಿ ಮಾತ್ರ ನೆಲದಡಿಯಲ್ಲಿ; ಕಲ್ಲಿದ್ದಲು ಹೋಗುತ್ತಿದ್ದುದೂ ಸುರಂಗದ ಹಳಿಯ ಮೇಲೆ. ಮೊದಲ ಮಹಾಯುದ್ಧದ ಕಾಲದಲ್ಲಿ ಕಲ್ಲಿದ್ದಲು ಸಿಗದೆ ಗಿಡಗಳು ಸತ್ತವು, 1920ರಲ್ಲಿ ಕಟ್ಟಡವನ್ನೇ ಕೆಡವಿದರು. ಇಂಧನವನ್ನೇ ನಂಬಿದ ಹಸಿರುಮನೆಯ ಆಯುಷ್ಯ ಇಂಧನದಷ್ಟೇ.

ಬೆಂಕಿ ಏಕೆ ಹೊರಗಿರಬೇಕು ಎಂಬುದಕ್ಕೆ ವಿಜ್ಞಾನದ ಉತ್ತರ ಸಿಕ್ಕಿದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ. 1901ರಲ್ಲಿ ರಷ್ಯಾದ ನೆಲ್ಯುಬೊವ್, ದೀಪದ ಅನಿಲದಲ್ಲಿ ಬಟಾಣಿ ಸಸಿಗಳನ್ನು ಸೊಟ್ಟಗೆ ಬೆಳೆಸುವ ಅಂಶ ಎಥಿಲೀನ್ ಎಂದು ತೋರಿಸಿದ. 1908ರಲ್ಲಿ ಅಮೆರಿಕದ ಕ್ರಾಕರ್ ಮತ್ತು ನೈಟ್ ಅದನ್ನು ಕಾರ್ನೇಷನ್ ಮೇಲೆ ಪರೀಕ್ಷಿಸಿದರು. ಇಪ್ಪತ್ತು ಲಕ್ಷ ಪಾಲು ಗಾಳಿಗೆ ಒಂದು ಪಾಲು ಎಥಿಲೀನ್ ಇದ್ದರೂ ಸಾಕು, ಹನ್ನೆರಡು ಗಂಟೆಯಲ್ಲಿ ಅರಳಿದ ಹೂ ಮುಚ್ಚಿಕೊಳ್ಳುತ್ತದೆ. ಅರೆಬರೆ ಉರಿಯುವ ಯಾವ ಬೆಂಕಿಯೂ ಇದನ್ನು ಉಗುಳುತ್ತದೆ. ಅದರ ಜೊತೆಗೇ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೂವಿಗೆ ಒಂದು ವಿಷ, ಕಾಯುವವನಿಗೆ ಇನ್ನೊಂದು.

ಇನ್ನು ಹಾಲೆಂಡಿನ ಮಾತು. 1959ರಲ್ಲಿ ಗ್ರೋನಿಂಗೆನ್‌ನಲ್ಲಿ ನೈಸರ್ಗಿಕ ಅನಿಲ ಸಿಕ್ಕ ಮೇಲೆ ಅಲ್ಲಿನ ಗಾಜಿನಮನೆಗಳು ಅದರ ಮೇಲೆಯೇ ನಿಂತವು. ಹೊಗೆಯನ್ನು ಒಳಗೆ ಬಿಡುವುದೂ ನಿಜ, ಆದರೆ ಅದು ಗಿಡಕ್ಕೆ ಇಂಗಾಲದ ಡೈಆಕ್ಸೈಡ್ ಉಣಿಸಲು; ಶುದ್ಧವಾಗಿ ಉರಿವ ಅನಿಲ, ಅಳೆಯುವ ಸಂವೇದಕಗಳು ಎರಡೂ ಇದ್ದಾಗ. 1973ರ ತೈಲ ಬಿಕ್ಕಟ್ಟು ಬಂದಾಗ ಅವರೂ ರಾತ್ರಿ ಎಳೆಯುವ ಉಷ್ಣಪರದೆಗಳ ಕಡೆ ತಿರುಗಿದರು. ನಮ್ಮವರು ಅನುಕರಿಸಲು ಹೊರಟದ್ದು ಅವರ ಬರ್ನರನ್ನು. ಪರದೆ ಯಾರ ಕಣ್ಣಿಗೂ ಬೀಳಲಿಲ್ಲ.

ಕರ್ನಾಟಕದ ಕಥೆ ಬೇರೆ. 1889ರಲ್ಲಿ ಅಡಿಗಲ್ಲು ಬಿದ್ದ ಲಾಲ್‌ಬಾಗಿನ ಗಾಜಿನಮನೆ ಪ್ರದರ್ಶನದ ಮಂಟಪ. ಅದನ್ನು ಕಾಯಿಸುವ ಪ್ರಶ್ನೆಯೇ ಇರಲಿಲ್ಲ. 1965ರಲ್ಲಿ ಮನಮೋಹನ ಅತ್ತಾವರರು ಕಟ್ಟಿದ ಇಂಡೋ–ಅಮೆರಿಕನ್ ಹೈಬ್ರಿಡ್ ಸೀಡ್ಸ್, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ, 1991ರ ಉದಾರೀಕರಣದ ಬೆನ್ನಿಗೆ ದೊಡ್ಡಬಳ್ಳಾಪುರ–ಹೊಸೂರು ಸುತ್ತ ಎದ್ದ ರಫ್ತು ಗುಲಾಬಿ ಘಟಕಗಳು ಎಲ್ಲವೂ ಬೆಂಗಳೂರಿನ ಹವೆಯ ಮಕ್ಕಳು. ಅಲ್ಲಿ ಬದಿಯ ಪರದೆ ಏರಿಸಿ ಇಳಿಸಿದರೆ ವರ್ಷದ ಬಹುಪಾಲು ಕೆಲಸ ಮುಗಿಯುತ್ತದೆ. ನಮ್ಮ ತಲೆಮಾರಿನವರು ತರಬೇತಿ ಪಡೆದದ್ದು ಅಲ್ಲೇ. ಹೀಗಾಗಿ ಕಾಯಿಸುವ ಪಾಠ ಪಠ್ಯಕ್ಕೇ ಬರಲಿಲ್ಲ. 2005ರ ರಾಷ್ಟ್ರೀಯ ತೋಟಗಾರಿಕೆ ಮಿಷನ್, 2014ರ ಕೃಷಿಭಾಗ್ಯ ಪಾಲಿಹೌಸನ್ನು ಜಿಲ್ಲೆ ಜಿಲ್ಲೆಗೆ ತಂದಾಗ ಬೆಂಗಳೂರಿನ ನಕ್ಷೆಯೇ ಬೀದರಿಗೂ ಬಂತು.

ಆ ನಕ್ಷೆ ಇಲ್ಲಿ ರಾತ್ರಿ ಏನಾಗುತ್ತದೆ? ಸಾಮಾನ್ಯ 200 ಮೈಕ್ರಾನ್ ಪಾಲಿಥಿನ್ ಹಾಳೆ ಹಗಲಿನ ಬೆಳಕನ್ನು ಒಳಗೆ ಬಿಡುವಷ್ಟೇ ಸಲೀಸಾಗಿ ರಾತ್ರಿ ನೆಲ ಬಿಡುವ ಶಾಖವನ್ನು ಹೊರಗೆ ಬಿಡುತ್ತದೆ. ಗಾಳಿಯಿಲ್ಲದ ತಿಳಿ ರಾತ್ರಿಯಲ್ಲಿ ಒಳಗಿನ ಉಷ್ಣಾಂಶ ಹೊರಗಿನದಕ್ಕಿಂತ ಕೆಳಗಿಳಿಯುವುದೂ ಉಂಟು. ನಸುಕಿನಲ್ಲಿ ಹಾಳೆಯ ಒಳಮೈಯಲ್ಲಿ ಸಾಲುಗಟ್ಟಿದ ಹನಿ ಜರ್ಬೇರಾದ ಎಲೆಸುಳಿಗೆ ತೊಟ್ಟಿಕ್ಕುತ್ತದೆ. ಕೆಲ ದಿನಗಳಲ್ಲಿ ಅಲ್ಲಿ ಬೂದುಬಣ್ಣದ ಬೂಷ್ಟು, ಅಂದರೆ ಬೊಟ್ರೈಟಿಸ್. ಹಗಲು 28, ರಾತ್ರಿ 9 ಎಂಬ ಏರಿಳಿತಕ್ಕೆ ಕಾರ್ನೇಷನ್ ಹೂವಿನ ಹಸಿರು ಬಟ್ಟಲು ಸೀಳಿ ಎಸಳು ಪಕ್ಕಕ್ಕೆ ಹೊರಬರುತ್ತದೆ. ಗುಲಾಬಿಯ ಮೊಗ್ಗು ಮೊಂಡಾಗುತ್ತದೆ. ಪೇಟೆಯಲ್ಲಿ ಇಂಥ ಹೂವಿಗೆ ಎರಡನೇ ದರ್ಜೆಯ ಬೆಲೆ.

ಹಾಗಾದರೆ ಕಾಯಿಸಲು ಎಷ್ಟು ಬೇಕು? 1,000 ಚದರ ಮೀಟರಿನ ಒಂಟಿ ಹೊದಿಕೆಯ ಪಾಲಿಹೌಸನ್ನು ಹೊರಗಿಗಿಂತ 5 ಡಿಗ್ರಿ ಬೆಚ್ಚಗಿಡಲು ಸುಮಾರು 50 ಕಿಲೋವ್ಯಾಟ್ ಬೇಕು. ಹತ್ತು ತಾಸಿಗೆ 500 ಯೂನಿಟ್. ಗ್ಯಾಸಿನಲ್ಲಾದರೆ 19 ಕಿಲೊದ ಎರಡಕ್ಕೂ ಹೆಚ್ಚು ಸಿಲಿಂಡರ್. ಕಟ್ಟಿಗೆಯಲ್ಲಾದರೆ ಎರಡು ಕ್ವಿಂಟಲ್ ಆಸುಪಾಸು. ಬ್ರೂಡರ್ ತೂಗುಹಾಕುವವರು ಇನ್ನೊಂದು ಲೆಕ್ಕ ಮರೆಯುತ್ತಾರೆ. ಒಂದು ಕಿಲೊ ಗ್ಯಾಸ್ ಉರಿದರೆ ಒಂದೂವರೆ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಒಳಗೇ ಉಳಿಯುತ್ತದೆ. ಒಂದೇ ರಾತ್ರಿ 60 ಲೀಟರ್ ತೇವವನ್ನು ಬೊಟ್ರೈಟಿಸ್‌ಗೆ ಉಡುಗೊರೆ ಕೊಟ್ಟಂತೆ. ಅಷ್ಟೇ ಗ್ಯಾಸಿಗೆ ಕಿಲೊಗೆ 12–13 ಘನ ಮೀಟರ್ ಗಾಳಿಯೂ ಬೇಕು. ಬಾಗಿಲು ಬಿಗಿದಷ್ಟೂ ಉರಿ ಕೆಡುತ್ತದೆ, ವಿಷ ಹೆಚ್ಚುತ್ತದೆ.

ಈ ಲೆಕ್ಕ ನೋಡಿದವರಿಗೆ ಹಾಲೆಂಡಿಗಿಂತ ಲಡಾಖ್ ಹತ್ತಿರವಾಗುತ್ತದೆ. ನನ್ನ ಒಲವೂ ಆ ಕಡೆಗೇ. ಅಲ್ಲಿ ಉತ್ತರ, ಪೂರ್ವ, ಪಶ್ಚಿಮಕ್ಕೆ ದಪ್ಪ ಮಣ್ಣಿನ ಗೋಡೆ. ದಕ್ಷಿಣಕ್ಕೆ ಮಾತ್ರ ಪಾಲಿಥಿನ್. ಹಗಲು ಗೋಡೆ ಶಾಖ ಹೀರುತ್ತದೆ, ರಾತ್ರಿ ಬಿಡುತ್ತದೆ. ಹೊರಗೆ ನೀರು ಹೆಪ್ಪುಗಟ್ಟುವ ಚಳಿಗಾಲದಲ್ಲೂ ಬೆಂಕಿಯಿಲ್ಲದೆ ಒಳಗೆ ಸೊಪ್ಪು ಬೆಳೆಯುತ್ತದೆ. ಉತ್ತರ ಚೀನಾದವರು ದಪ್ಪ ಗೋಡೆಯ ಜೊತೆಗೆ ಹುಲ್ಲಿನ ಚಾಪೆಯನ್ನು ಸಂಜೆ ಛಾವಣಿಯ ಮೇಲೆ ಉರುಳಿಸಿ ಬೆಳಗ್ಗೆ ಸುತ್ತಿಡುತ್ತಾರೆ. ಎರಡೂ ಕಡೆ ಸೂತ್ರ ಒಂದೇ: ಇರುವ ಶಾಖವನ್ನು ಹಿಡಿದಿಡು, ಹೊಸದನ್ನು ಕೊಳ್ಳುವ ಮಾತು ಆಮೇಲೆ.

ಬೀದರಿಗೆ ಅಷ್ಟು ಕಠಿಣ ಗೋಡೆ ಬೇಕಿಲ್ಲ. ಇಲ್ಲಿನ ಕೊರತೆ ಕೆಲವು ರಾತ್ರಿಗಳ, ಕೆಲವೇ ಡಿಗ್ರಿಗಳ ಕೊರತೆ. ಬಿಸಿಲು ಇಳಿಯುವ ಮೊದಲೇ, ಐದು ಗಂಟೆಯೊಳಗೆ, ಬದಿಯ ಪರದೆ ಮುಚ್ಚಬೇಕು. ಹರಿದ ಹಾಳೆಗೆ ಅಂದೇ ತೇಪೆ. ಒಳಗೆ ಅಲ್ಯೂಮಿನಿಯಂ ಪಟ್ಟಿಯ ಉಷ್ಣಪರದೆ ಎಳೆದರೆ ಸೋರುವ ಶಾಖದಲ್ಲಿ ಮೂರನೇ ಒಂದು ಪಾಲಾದರೂ ಉಳಿಯುತ್ತದೆ. ಅದಕ್ಕೆ ಹಣವಿಲ್ಲದಿದ್ದರೆ ಒಳಗೊಂದು ತೆಳು ಪಾಲಿಥಿನ್ ಪದರ. ನೀರು ಬೆಳಗ್ಗೆಯೇ ಕೊಡಬೇಕು. ಹಸಿ ನೆಲ ಹಗಲಿನ ಬಿಸಿಯನ್ನು ಹೆಚ್ಚು ಹಿಡಿದಿಡುತ್ತದೆ, ಎಲೆಯೂ ಸಂಜೆಗೆ ಒಣಗಿರುತ್ತದೆ. ಚಳಿಗಾಲದ ನಸುಕಿನಲ್ಲಿ ಹಬೆಯಾಡುವ ಬಾವಿಯ ನೀರನ್ನು ಕೊಳವೆಗಳಲ್ಲಿ ಹರಿಸಿದರೆ ಸಾಕೆನ್ನುವವರಿದ್ದಾರೆ. 5,000 ಲೀಟರ್ ನೀರು 10 ಡಿಗ್ರಿ ತಣಿದರೆ ಸಿಗುವುದು 58 ಯೂನಿಟ್. ಬೇಡಿಕೆಯ ಎಂಟು–ಒಂಬತ್ತರಲ್ಲಿ ಒಂದು ಪಾಲು. ಊರುಗೋಲಾದೀತು, ಕಾಲಾಗದು.

ಇಷ್ಟಾದ ಮೇಲೂ ಸಾಲದ ರಾತ್ರಿಗೆ ಬೆಂಕಿ ಇರಲಿ, ಹೊರಗಿರಲಿ. ತೊಗರಿ ಕಟ್ಟಿಗೆಗೂ ಕಬ್ಬಿನ ರವದಿಗೂ ಈ ಜಿಲ್ಲೆಯಲ್ಲಿ ಬರವಿಲ್ಲ. ಪಾಲಿಥಿನ್ನಿಗೆ ಕಿಡಿ ತಾಗದಷ್ಟು ದೂರದಲ್ಲಿ ನೀರು ಕಾಯಿಸುವ ಒಲೆ, ಛಾವಣಿಗಿಂತ ಎತ್ತರದ ಹೊಗೆಕೊಳವೆ, ಮಡಿಗಳ ನಡುವೆ ಬಿಸಿನೀರಿನ ಪೈಪು. ಬಿಸಿಗಾಳಿಯ ಹೀಟರಾದರೆ ಅದರ ಶಾಖಕೋಶದಲ್ಲಿ ಬಿರುಕಿದೆಯೇ ಎಂದು ಹಂಗಾಮಿಗೆ ಮುಂಚೆ ನೋಡಲೇಬೇಕು. ಬಿರುಕಿನಿಂದ ಹೊಗೆ ನೇರ ಹೂವಿಗೇ ಹೋಗುತ್ತದೆ. ಒಳಗೆ ಯಾರೂ ಮಲಗಬಾರದು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದಿರಲಿ.

ಈ ಕ್ಷೇತ್ರದ ಬರಹದಲ್ಲಿರುವ ದೊಡ್ಡ ಖಾಲಿ ಜಾಗ ಒಲೆಯದ್ದಲ್ಲ, ಅಳತೆಯದ್ದು. 2014ರ ಸಮಗ್ರ ತೋಟಗಾರಿಕೆ ಮಿಷನ್ ಮಾರ್ಗಸೂಚಿ 4,000 ಚದರ ಮೀಟರ್‌ವರೆಗೆ ಅರ್ಧ ವೆಚ್ಚದ ಸಹಾಯಧನ ಕೊಟ್ಟಿತು. ಆದರೆ ಅದು ಪಾಲಿಹೌಸುಗಳನ್ನು ವಿಂಗಡಿಸಿದ್ದು ಸಹಜ ಗಾಳಿಯವು, ಫ್ಯಾನ್–ಪ್ಯಾಡಿನವು ಎಂದು, ಅಂದರೆ ತಂಪಾಗಿಸುವ ಬಗೆಯ ಮೇಲೆ. ಬೀದರಿನಲ್ಲಿ ತೋಟಗಾರಿಕೆ ಕಾಲೇಜಿದೆ, ಜನವಾಡದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಬೆಳೆಗಾರರ ಪಾಲಿಹೌಸುಗಳಲ್ಲಿ ಗಿಡದ ಎತ್ತರಕ್ಕೆ ಕನಿಷ್ಠ ತಾಪಮಾಪಕ ಕಟ್ಟಿ, ನವೆಂಬರಿನಿಂದ ಫೆಬ್ರುವರಿವರೆಗೆ ಒಳಗಿನ–ಹೊರಗಿನ ಅಂಕಿ ಬರೆದಿಡಲು ದೊಡ್ಡ ಯೋಜನೆಯೇನೂ ಬೇಡ. ಆ ಪಟ್ಟಿ ಕೈಯಲ್ಲಿದ್ದರೆ ಈ ಜಿಲ್ಲೆಯ ಅಂದಾಜುಪಟ್ಟಿಯಲ್ಲಿ ಫಾಗರ್ ಸಾಲಿನ ಕೆಳಗೆ ಉಷ್ಣಪರದೆಯ ಸಾಲನ್ನೂ ಸೇರಿಸಿ ಎಂದು ಕೇಳಲು ಆಧಾರ ಸಿಗುತ್ತದೆ. ಪರದೆಗೆ ಸಹಾಯಧನ ಸಿಕ್ಕ ರೈತ ಬ್ರೂಡರ್ ಕೊಳ್ಳಲು ಹೋಗುವುದಿಲ್ಲ.