ಹಲ್ಲಿನ ಬೇರಿನ ಶೇಷ

ಹೋದ ತಿಂಗಳು ನನ್ನದೊಂದು ದವಡೆಹಲ್ಲು ನನ್ನನ್ನು ತೊರೆದುಹೋಯಿತು. ಹಲ್ಲಿನ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಬೇರಿನ ಮೇಲಣ ಹಳದಿ ಪದರವನ್ನು ತೋರಿಸಿ, “ನೋಡಿ ಮೇಷ್ಟ್ರೇ, ಇದು ಸಿಮೆಂಟಮ್. ಹಲ್ಲನ್ನು ದವಡೆಗೆ ಕಟ್ಟಿ ನಿಲ್ಲಿಸುವ ಗಾರೆ. ಇದು ಹಾಳಾದರೆ ಹಲ್ಲು ನಿಲ್ಲದು” ಎಂದರು. ಹಾಗಾದರೆ ಈ ಗಾರೆ ಮೆತ್ತುವ ಮೇಸ್ತ್ರಿ ಯಾರು? ಕನ್ನಡ ಪಾಠ ಹೇಳುವವನಿಗೆ ಸಲ್ಲದ ಪ್ರಶ್ನೆ, ನಿಜ. ಆದರೆ ಹಲ್ಲು ಕಳೆದುಕೊಂಡವನಿಗೆ ಅಷ್ಟು ಕೇಳುವ ಹಕ್ಕುಂಟಷ್ಟೆ! ಪುಸ್ತಕಗಳನ್ನು ತಿರುವಿಹಾಕಿದೆ.

1835ರಲ್ಲಿ ಬ್ರೆಸ್ಲೌ ನಗರದಲ್ಲಿ ಪುರ್ಕಿನ್ಯೆ ಪಂಡಿತನ ಶಿಷ್ಯರಾದ ಫ್ರಾಂಕೆಲ್ ಮತ್ತು ರಾಷ್ಕೋ ಸೂಕ್ಷ್ಮದರ್ಶಕದಲ್ಲಿ ಈ ಪದರವನ್ನು ಕಂಡರು. 1874ರಲ್ಲಿ ಜರ್ಮನಿಯ ಆಸ್ಕರ್ ಹೆರ್ಟ್‌ವಿಗ್ ಉಭಯಚರ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿ, ಬೆಳೆಯುವ ಬೇರನ್ನು ಸುತ್ತಿದ ಜೀವಕೋಶಗಳ ಕವಚವೊಂದನ್ನು ವರ್ಣಿಸಿದನು. 1885ರಲ್ಲಿ ಫ್ರಾನ್ಸಿನ ಲೂಯಿ ಮಲಾಸ್ಸೆ, ವಯಸ್ಕರಲ್ಲಿಯೂ ಬೇರಿನ ಸುತ್ತ ಉಳಿದಿರುವ ಕೋಶಗಳ ಸಣ್ಣ ಗುಂಪುಗಳನ್ನು ತೋರಿಸಿ, ಅವಕ್ಕೆ ‘ದೆಬ್ರಿ’, ಎಂದರೆ ಅವಶೇಷ, ಎಂದು ಹೆಸರಿಟ್ಟನು.

ಹೆಸರೇ ಹಣೆಬರಹವಾಯಿತು. ಬೇರಿನ ಡೆಂಟಿನ್ ಮೂಡಿದ ಬಳಿಕ ಕವಚ ಹರಿಯುತ್ತದೆ. ಆ ಸಂದುಗಳಲ್ಲಿ ಹೊರಗಣ ದಂತಚೀಲದ ಕೋಶಗಳು ನುಸುಳಿ, ಡೆಂಟಿನ್ನನ್ನು ಮುಟ್ಟಿ, ಸಿಮೆಂಟಮ್ ಕಟ್ಟುವ ಕೋಶಗಳಾಗುತ್ತವೆ: ಇದು ಪಠ್ಯಗಳ ಮಾತು. ಹರಿದ ಕವಚದ ಚೂರುಗಳಿಗೆ ಉಳಿದದ್ದು ದವಡೆಯಲ್ಲಿ ಗಂಟು ಎಬ್ಬಿಸುವವೆಂಬ ಅಪಕೀರ್ತಿ ಮಾತ್ರ.

2009ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಚುಂಡಿಲಿಗಳ ಕವಚದ ಕೋಶಗಳಿಗೆ ಗುರುತು ಹಚ್ಚಿ ಬೆನ್ನುಹತ್ತಿದರು. ಅವು ಅಳಿದಿರಲಿಲ್ಲ, ಬಲೆಯಂತೆ ಒಂದನ್ನೊಂದು ಹಿಡಿದು ನಿಂತಿದ್ದವು. ದಂತಚೀಲದ ಕೋಶಗಳು ಬರುವ ಮೊದಲೇ ಡೆಂಟಿನ್ನಿನ ಮೇಲೆ ತಮ್ಮದೊಂದು ಲೇಪವನ್ನು ಸುರಿಸಿದ್ದವು. ಸಿಮೆಂಟಮ್ಮಿನ ಬೆಳವಣಿಗೆಯಲ್ಲಿಯೂ ಪಾಲುಗೊಂಡಿದ್ದವು. ದಂತಚೀಲದ ಕೋಶವೇ ಮುಖ್ಯ ಮೇಸ್ತ್ರಿಯೆಂಬ ಮತ ಬಿದ್ದುಹೋಗಿಲ್ಲ. ಕವಚದ ಪಾಲೆಷ್ಟೆಂಬ ವಾದವೂ ಮುಗಿದಿಲ್ಲ.

ಇದು ಪಂಡಿತರ ಬರಿಯ ಜಗಳವೆನ್ನಬೇಡಿ. ವಸಡಿನ ರೋಗ ತಿಂದುಹಾಕಿದ ಸಿಮೆಂಟಮ್ಮನ್ನು ಮತ್ತೆ ಕಟ್ಟಿಸಬೇಕಾದರೆ, ಯಾವ ಕೋಶವನ್ನು ಕೆಲಸಕ್ಕೆ ಕರೆಯಬೇಕೆಂಬುದು ಮೊದಲು ತಿಳಿಯಬೇಕು. ಅಲುಗುವ ಎಷ್ಟೋ ಹಲ್ಲುಗಳ ಭವಿಷ್ಯ ಈ ಉತ್ತರದಲ್ಲಿದೆ.

ನಮ್ಮ ಹಿರಿಯರೂ ಉಳಿದದ್ದನ್ನು ‘ಶೇಷ’ವೆಂದೇ ಕರೆದರು. ಆದರೆ ಭೂಮಿಯನ್ನು ಹೊತ್ತವನಿಗೂ ಅದೇ ಹೆಸರನ್ನಿಟ್ಟರು. ನಾಲಗೆ ಆ ಖಾಲಿ ಜಾಗವನ್ನು ತಡವಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.